ಲೆಕ್ಕದ ಗಣಕ ಕೈಕೊಟ್ಟ ದಿನ: ಮುಕ್ತ ತಂತ್ರಾಂಶದ ನೆರವಿನಿಂದ ಬ್ಯಾಕಪ್ ವ್ಯವಸ್ಥೆ

ದೊಡ್ಡಬಳ್ಳಾಪುರದ ಹಳೆಯ ಮಗ್ಗದ ಮನೆಗಳನ್ನು ಹೊಕ್ಕವರಿಗೆ ಜಕಾರ್ಡ್ ಕಾರ್ಡುಗಳ ಕಟ್ಟುಗಳು ಪರಿಚಿತವೇ. ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಪೋಣಿಸಿ, ಆ ಸೀರೆಯ ಕೆಲಸ ಮುಗಿದ ಮೇಲೂ ಬಿಸಾಡದೆ, ಕಟ್ಟು ಕಟ್ಟಿ ಅಟ್ಟದ ಮೇಲೋ ಗೋಡೆಯ ಮೊಳೆಗೋ ಏರಿಸಿಡುವುದು ನೇಕಾರರ ವಾಡಿಕೆ. ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ಕಾರ್ಡಿನಂತೆ ಅಂಚು, ಸೆರಗುಗಳ ಇಡೀ ವಿನ್ಯಾಸ ಆ ಕಟ್ಟಿನಲ್ಲಿರುತ್ತದೆ. ನಾಲ್ಕು ವರ್ಷಗಳ ನಂತರ ಚಿಕ್ಕಪೇಟೆಯ ವರ್ತಕರೊಬ್ಬರು ಅದೇ ಸೀರೆ ಮತ್ತೆ ಬೇಕೆಂದರೆ ಕಟ್ಟು ಬಿಚ್ಚಿ ಮಗ್ಗಕ್ಕೇರಿಸಿದರಾಯಿತು. ಮಗ್ಗ ಕೆಟ್ಟರೂ ವಿನ್ಯಾಸ ಕೆಡುವುದಿಲ್ಲ.

ಇಂದು ಆ ವಿನ್ಯಾಸಗಳು ಗಣಕಯಂತ್ರದ ಕಡತಗಳಾಗಿವೆ. ಕಸೂತಿ ಯಂತ್ರದ ಹೊಲಿಗೆ ಕಡತ, ಹೊಸಕೋಟೆಯ ಗೋದಾಮಿನ ದಾಸ್ತಾನು ಪುಸ್ತಕ, ದಾಬಸ್‌ಪೇಟೆಯ ಯಂತ್ರಭಾಗ ತಯಾರಕರ ನಕ್ಷೆಗಳು, ದೇವನಹಳ್ಳಿ ಕಡೆಯ ಲೇತ್ ಘಟಕಗಳ ಸಿಎನ್‌ಸಿ ಪ್ರೋಗ್ರಾಮುಗಳು, ಎಲ್ಲಕ್ಕೂ ಮಿಗಿಲಾಗಿ ಯಾರಿಂದ ಎಷ್ಟು ಬರಬೇಕು ಎಂಬ ಖಾತೆ, ಇವೆಲ್ಲವೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಕುಳಿತಿವೆ. ಅಟ್ಟದ ಮೇಲೆ ಮಾತ್ರ ಏನೂ ಇಲ್ಲ.

ಈ ಲೇಖನವನ್ನು ಬರೆಯುವ ಅರ್ಹತೆ ನನಗೆ ದೊರೆತಿರುವುದು ತಾಂತ್ರಿಕ ಪದವಿಯಿಂದಲ್ಲ, ಪೆಟ್ಟು ತಿಂದದ್ದರಿಂದ. ಕೆಲವು ವರ್ಷಗಳ ಹಿಂದೆ, ತಿಂಗಳ 18ನೆಯ ತಾರೀಖಿನಂದು, ಅಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಎರಡೇ ದಿನ ಉಳಿದಿರುವಾಗ, ನಮ್ಮ ಕಸೂತಿ ಘಟಕದ ಲೆಕ್ಕದ ಗಣಕ ಬೆಳಿಗ್ಗೆ ಏಳಲಿಲ್ಲ. ಡಿಸ್ಕು ಟಕಟಕ ಎನ್ನುತ್ತಿತ್ತು. ನಾನು ಗಾಬರಿಯಾಗಲಿಲ್ಲ, ಏಕೆಂದರೆ ಪ್ರತಿ ಶನಿವಾರ ಪೆನ್‌ಡ್ರೈವಿಗೆ ಪ್ರತಿ ತೆಗೆದು ಗಲ್ಲಾಪೆಟ್ಟಿಗೆಯಲ್ಲಿಡುವ ಪದ್ಧತಿ ನಮ್ಮಲ್ಲಿತ್ತು. ಪೆನ್‌ಡ್ರೈವನ್ನು ಬೇರೊಂದು ಗಣಕಕ್ಕೆ ಚುಚ್ಚಿ ನೋಡಿದಾಗ ಲೆಕ್ಕದ ಫೋಲ್ಡರಿನ ಹೆಸರೇನೋ ಇತ್ತು, ಒತ್ತಿದರೆ ತೆರೆಯಲಿಲ್ಲ. ಎರಡು ವರ್ಷಗಳಿಂದ ಪ್ರತಿ ಶನಿವಾರ ನಮ್ಮ ಹುಡುಗ ಪೆನ್‌ಡ್ರೈವಿಗೆ ಹಾಕುತ್ತಿದ್ದುದು ಫೋಲ್ಡರನ್ನಲ್ಲ, ಮೇಜಿನ ಪರದೆಯ ಮೇಲಿದ್ದ ಅದರ ಶಾರ್ಟ್‌ಕಟ್ಟನ್ನು. ಬೀಗದ ಕೈಯ ಚಿತ್ರವನ್ನು ಜೋಪಾನ ಮಾಡಿದಂತಾಗಿತ್ತು. ಹುಡುಗನನ್ನು ಬೈದು ಫಲವಿಲ್ಲ. ಆ ಎರಡು ವರ್ಷಗಳಲ್ಲಿ ಒಮ್ಮೆಯೂ ಅದನ್ನು ತೆರೆದು ನೋಡದವನು ನಾನು.

ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಎಲ್ಲವೂ ಇದೆಯಲ್ಲ ಎಂದು ಆಗ ಹಲವರು ಸಮಾಧಾನ ಹೇಳಿದರು. ಇದು ಅರ್ಧ ನಿಜ. ನಾವೇ ಸಲ್ಲಿಸಿದ ಜಿಎಸ್‌ಟಿಆರ್-1ರಿಂದ ನೋಂದಾಯಿತ ಗಿರಾಕಿಗಳಿಗೆ ಕೊಟ್ಟ ಬಿಲ್ಲುಗಳೂ, ಮಾರಾಟಗಾರರು ಸಲ್ಲಿಸಿದ ವಿವರಗಳಿಂದ ನಮ್ಮ ಖರೀದಿಗಳೂ ಮರಳಿ ದೊರೆತವು. ಆದರೆ ಪೋರ್ಟಲ್ಲಿನಲ್ಲಿರುವುದು ನಾವು ಸರ್ಕಾರಕ್ಕೆ ಹೇಳಿದ ಸಂಗತಿ ಮಾತ್ರ. ಗಿರಾಕಿ ಕೊಟ್ಟ ಮುಂಗಡ, ಕಳೆದು ಉಳಿದ ಬಾಕಿ, ಹಳೆಯ ಒಪ್ಪಂದದ ದರ, ಜಾಬ್‌ವರ್ಕಿಗೆ ಕಳುಹಿಸಿದ ಬಟ್ಟೆಯಲ್ಲಿ ಮರಳಿ ಬಾರದ ಮೀಟರುಗಳ ಲೆಕ್ಕ ಅಲ್ಲಿಲ್ಲ. ಪುಸ್ತಕಗಳನ್ನು ಮತ್ತೆ ಕಟ್ಟಲು ನಮಗೆ ಸುಮಾರು ಎರಡು ತಿಂಗಳು ಹಿಡಿಯಿತು. ಎರಡು ಬಾಕಿಗಳನ್ನು ನಾವು ಕೇಳಲೇ ಇಲ್ಲ. ಕೇಳಲು ಕೈಯಲ್ಲಿ ಆಧಾರವಿರಲಿಲ್ಲ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಎಂಎಸ್‌ಎಂಇಡಿ ಅಧಿನಿಯಮ ಹೇಳುತ್ತದೆ, ನಿಜ. ಆದರೆ ಫೆಸಿಲಿಟೇಶನ್ ಕೌನ್ಸಿಲಿನ ಮುಂದೆ ಹೋಗುವವನು ಬಿಲ್ಲು ಮತ್ತು ಸರಕು ತಲುಪಿದ ದಾಖಲೆಯನ್ನು ಮುಂದಿಡಬೇಕಲ್ಲವೇ?

ಕಾನೂನು ಏನು ಹೇಳುತ್ತದೆ

ಬ್ಯಾಕಪ್ ಎಂಬುದು ಅನುಕೂಲವಿದ್ದವರು ಮಾಡಿಕೊಳ್ಳುವ ಸಂಗತಿಯೆಂದು ನಮ್ಮಲ್ಲಿ ಅನೇಕರ ಭಾವನೆ. ಕೇಂದ್ರ ಜಿಎಸ್‌ಟಿ ಅಧಿನಿಯಮದ 36ನೆಯ ಪ್ರಕರಣದಂತೆ, ಯಾವುದೇ ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ದಿನಾಂಕದಿಂದ 72 ತಿಂಗಳ ಕಾಲ ಕಾಪಾಡಬೇಕು. 2023-24ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 31 ಡಿಸೆಂಬರ್ 2024 ಕೊನೆಯ ದಿನವಾಗಿತ್ತು. ಆದ್ದರಿಂದ ಆ ಪುಸ್ತಕಗಳು 2030ರ ಡಿಸೆಂಬರ್ ಅಂತ್ಯದವರೆಗೆ ಇರಲೇಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಅವಧಿ ಇನ್ನೂ ಹಿಗ್ಗಬಹುದು. ಅದೇ ಕಾನೂನಿನ 57ನೆಯ ನಿಯಮವಂತೂ ನೇರವಾಗಿಯೇ ಹೇಳುತ್ತದೆ: ವಿದ್ಯುನ್ಮಾನ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇರಬೇಕು, ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ಮೂಲ ನಾಶವಾದರೆ ಯುಕ್ತ ಕಾಲದೊಳಗೆ ಅದನ್ನು ಮರಳಿ ಪಡೆಯುವಂತಿರಬೇಕು.

ಪ್ರೈವೇಟ್ ಲಿಮಿಟೆಡ್ ಕಂಪನಿಗಳಾಗಿರುವ ಸದಸ್ಯರ ಮೇಲೆ ಹೊಣೆ ಇನ್ನೂ ಹೆಚ್ಚು. ಅವರು ಎಂಟು ಹಣಕಾಸು ವರ್ಷಗಳ ಪುಸ್ತಕಗಳನ್ನು ಉಳಿಸಿಕೊಳ್ಳಬೇಕಲ್ಲದೆ, ವಿದ್ಯುನ್ಮಾನ ಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗೇ ಇರುವ ಸರ್ವರಿನಲ್ಲಿ ಇಡಬೇಕು. ಮೊದಲು ‘ಕಾಲಕಾಲಕ್ಕೆ’ ಎಂದಿದ್ದುದನ್ನು 2022ರ ಆಗಸ್ಟ್ ತಿದ್ದುಪಡಿ ‘ಪ್ರತಿದಿನ’ ಎಂದು ಬದಲಿಸಿತು. ವಿದೇಶದ ಯಾವುದೋ ಮೂಲೆಯಲ್ಲಿ ಕಡಿಮೆ ಬಾಡಿಗೆಗೆ ಸಿಗುವ ಕ್ಲೌಡ್ ಜಾಗವೊಂದನ್ನೇ ನಂಬಿದವರು ಈ ಮಾತನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಒಳಿತು.

ಬ್ಯಾಕಪ್ ಅಲ್ಲದ ಬ್ಯಾಕಪ್ಪುಗಳು

ಅದೇ ಗಣಕದೊಳಗಿನ ಡಿ ಡ್ರೈವಿಗೆ ಪ್ರತಿ ಮಾಡಿಡುವವರಿದ್ದಾರೆ. ಡಿಸ್ಕು ಒಂದೇ ಆದ್ದರಿಂದ ಸಿ ಹೋದಾಗ ಡಿ ಸಹ ಹೋಗುತ್ತದೆ. ಎರಡು ಡಿಸ್ಕುಗಳನ್ನು ಜೋಡಿಸಿ ರೇಡ್ ಮಾಡಿಸಿಕೊಂಡವರಿಗೆ ಒಂದು ಡಿಸ್ಕು ಕೆಟ್ಟರೆ ಕೆಲಸ ನಿಲ್ಲದು. ಆದರೆ ತಪ್ಪಿ ಅಳಿಸಿದ ಕಡತ ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿದುಹೋಗುತ್ತದೆ. ಅಂತರಜಾಲಕ್ಕೆ ತಾನಾಗಿಯೇ ಹೊಂದಿಕೊಳ್ಳುವ ಸಿಂಕ್ ಫೋಲ್ಡರುಗಳದೂ ಬಹುಮಟ್ಟಿಗೆ ಇದೇ ಕಥೆ. ಇನ್ನು, ಹೊರಗಿನ ಡಿಸ್ಕನ್ನು ಕೊಂಡು ಅದನ್ನು ಹಗಲಿರುಳು ಗಣಕಕ್ಕೇ ಚುಚ್ಚಿಟ್ಟಿರುವವರ ಸಂಖ್ಯೆಯೇ ಹೆಚ್ಚು. ಒತ್ತೆಹಣ ಕೇಳುವ ರ‍್ಯಾನ್ಸಂವೇರ್ ಎಂಬ ದುಷ್ಟ ತಂತ್ರಾಂಶಕ್ಕೆ ಇದಕ್ಕಿಂತ ಸುಲಭದ ಬೇಟೆ ಬೇರಿಲ್ಲ. ಅದು ಗಣಕಕ್ಕೆ ಕಾಣುವ ಪ್ರತಿಯೊಂದು ಡ್ರೈವನ್ನೂ, ಜಾಲದಲ್ಲಿ ಹಂಚಿಕೊಂಡ ಫೋಲ್ಡರನ್ನೂ ಬೀಗ ಹಾಕುತ್ತ ಹೋಗುತ್ತದೆ.

2017ರ ಮೇ 12ರಂದು ಹಬ್ಬಲಾರಂಭಿಸಿದ ವಾನ್ನಾಕ್ರೈ, ವಿಂಡೋಸಿನ ಕಡತ ಹಂಚಿಕೆಯ ಹಳೆಯ ದೋಷವೊಂದನ್ನು ಬಳಸಿಕೊಂಡಿತು. ಅದಕ್ಕೆ ತೇಪೆ ಎರಡು ತಿಂಗಳ ಮೊದಲೇ ಬಿಡುಗಡೆಯಾಗಿತ್ತು, ಹಾಕಿಕೊಂಡವರು ಕಡಿಮೆ. ಅದೇ ವರ್ಷ ಜೂನ್ 27ರಂದು ಬಂದ ನಾಟ್‌ಪೆಟ್ಯಾ ನಮ್ಮಂಥವರಿಗೆ ಇನ್ನೂ ಹತ್ತಿರದ ಪಾಠ, ಏಕೆಂದರೆ ಅದು ಹರಡಿದ್ದು ಉಕ್ರೇನಿನ ವ್ಯಾಪಾರಿಗಳು ಬಳಸುತ್ತಿದ್ದ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ. ಹಡಗು ಸಾಗಣೆಯ ದೈತ್ಯ ಸಂಸ್ಥೆ ಮರ್ಸ್ಕ್ ಅದಕ್ಕೆ ಸಿಕ್ಕಿತು. ಮುಂಬೈನ ಜವಾಹರಲಾಲ್ ನೆಹರು ಬಂದರಿನಲ್ಲಿ ಅದರ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತವಾಯಿತು. ಸುಮಾರು 45,000 ಗಣಕಗಳಿಗೂ 4,000 ಸರ್ವರುಗಳಿಗೂ ಹೊಸದಾಗಿ ತಂತ್ರಾಂಶ ತುಂಬಬೇಕಾಯಿತೆಂದು ಆ ಸಂಸ್ಥೆಯ ಅಧ್ಯಕ್ಷರೇ ಮರುವರ್ಷ ದಾವೋಸಿನಲ್ಲಿ ಹೇಳಿದರು. ಇಡೀ ಜಾಲದ ಬಳಕೆದಾರರ ಪಟ್ಟಿಯನ್ನು ಇಟ್ಟುಕೊಂಡಿದ್ದ ಸರ್ವರುಗಳೆಲ್ಲ ಅಳಿಸಿಹೋಗಿದ್ದವು, ಒಂದನ್ನು ಬಿಟ್ಟು. ಅದು ಘಾನಾ ದೇಶದಲ್ಲಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಕರೆಂಟು ಹೋದದ್ದಕ್ಕೆ ಯಾರಾದರೂ ದೇವರಿಗೆ ಕೈಮುಗಿದಿದ್ದರೆ ಅದು ಅವರೇ ಇರಬೇಕು. ತಂತಿ ಕಳಚಿದ ಪ್ರತಿಯೊಂದು ಯಾವಾಗಲೂ ಇರಬೇಕು ಎಂಬುದರ ಅರ್ಥ ಇದೇ.

ನಮ್ಮ ದೇಶದಲ್ಲಿ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಇಂಥದೇ ದಾಳಿಯಾಗಿ, ಹಲವು ದಿನ ಕೈಬರಹದಲ್ಲೇ ಕೆಲಸ ನಡೆಯಿತು. ದಾಳಿಗೆ ಸಿಗದಿದ್ದ ಬ್ಯಾಕಪ್ ಸರ್ವರ್ ಒಂದರಿಂದ ದತ್ತಾಂಶ ಮರಳಿ ದೊರೆಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇಂತಹ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂಬ ನಿರ್ದೇಶನ 2022ರ ಏಪ್ರಿಲ್ 28ರಂದೇ ಹೊರಟಿದೆ.

ಯಾವ ತಂತ್ರಾಂಶ?

ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಪರವಾನಗಿ ಶುಲ್ಕವಿಲ್ಲ ಎಂಬುದು ವರ್ತಕರಿಗೆ ಮೊದಲು ಕಾಣುವ ಲಾಭ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಲಾಭವೆಂದರೆ, ಎಂಟು ವರ್ಷಗಳ ನಂತರ ತೆರೆಯಬೇಕಾದ ಪ್ರತಿಯು ಯಾವುದೋ ಒಂದು ಕಂಪನಿ ಉಳಿದಿದೆಯೇ, ನಮ್ಮ ಚಂದಾ ನವೀಕರಣವಾಗಿದೆಯೇ ಎಂಬುದರ ಮೇಲೆ ನಿಂತಿರುವುದಿಲ್ಲ.

ಇವು ನಿನ್ನೆ ಮೊನ್ನೆಯವಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಅಮಾಂಡ, 1996ರ ಆರ್‌ಸಿಂಕ್, ಕರ್ನ್ ಸಿಬಾಲ್ಡ್ 2000ದಲ್ಲಿ ಆರಂಭಿಸಿ 2002ರಲ್ಲಿ ಬಿಡುಗಡೆ ಮಾಡಿದ ಬಾಕುಲಾ, ಇವೆಲ್ಲ ಇಂದಿಗೂ ದುಡಿಯುತ್ತಿವೆ. ಬಾಕುಲಾ ಬಹಳ ಸಮರ್ಥವಾದುದು. ಆದರೆ ಐದಾರು ಗಣಕಗಳ ಘಟಕಕ್ಕೆ ಅದು ಸೊಳ್ಳೆ ಹೊಡೆಯಲು ಫಿರಂಗಿ ತಂದಂತೆ. ಗಣಕ ವಿಭಾಗವೇ ಪ್ರತ್ಯೇಕವಾಗಿರುವ ದೊಡ್ಡ ಕಾರ್ಖಾನೆಗಳಿಗೆ ಅದನ್ನು ಬಿಡೋಣ. ನಾವು ಹಲವನ್ನು ಪರೀಕ್ಷಿಸಿದ ನಂತರ ಮೂರನ್ನು ಉಳಿಸಿಕೊಂಡೆವು: ಕಚೇರಿಯೊಳಗಿನ ನಿತ್ಯದ ಪ್ರತಿಗೆ ಅರ್‌ಬ್ಯಾಕಪ್, ಹೊರಗೆ ಒಯ್ಯುವ ಪ್ರತಿಗೆ ರೆಸ್ಟಿಕ್, ಹಳೆಯ ಯಂತ್ರಗಳಿಗೆ ಅಂಟಿಕೊಂಡ ಗಣಕಗಳಿಗೆ ಕ್ಲೋನ್‌ಜಿಲ್ಲಾ.

ಅಳವಡಿಕೆ

ನಮ್ಮಲ್ಲಿ ಲೆಕ್ಕದವರದು ವಿಂಡೋಸ್, ವಿನ್ಯಾಸಗಾರರದು ಮ್ಯಾಕ್. ಮೂಲೆಗೆ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಹೊಸ ಡಿಸ್ಕು ಹಾಕಿಸಿ, ಲಿನಕ್ಸಿನ ಉಬುಂಟು ಅಳವಡಿಸಿ, ಅದನ್ನೇ ಬ್ಯಾಕಪ್ ಸರ್ವರ್ ಮಾಡಿಕೊಂಡೆವು. ಖರ್ಚಾದದ್ದು ಡಿಸ್ಕಿಗೆ ಮತ್ತು ಒಂದು ಯುಪಿಎಸ್‌ಗೆ ಮಾತ್ರ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಪ್ರತಿಯೇ ಕೆಡಬಹುದು.

ಅರ್‌ಬ್ಯಾಕಪ್‌ನಲ್ಲಿ ಎರಡು ಭಾಗಗಳಿವೆ. ಸರ್ವರ್ ಭಾಗವನ್ನು ಲಿನಕ್ಸ್ ಗಣಕದಲ್ಲಿ ಹಾಕಬೇಕು. ವಿಂಡೋಸಿನಲ್ಲಿಯೂ ಹಾಕಬಹುದು, ಆದರೆ ಎಲ್ಲ ಗಣಕಗಳೂ ಒಂದೇ ಜಾತಿಯ ರೋಗಕ್ಕೆ ತುತ್ತಾಗುವಂತಿರಬಾರದೆಂದು ನಾವು ಲಿನಕ್ಸನ್ನೇ ಆರಿಸಿದೆವು. ಕ್ಲೈಂಟ್ ಎಂಬ ಚಿಕ್ಕ ಭಾಗ ಉಳಿದ ಗಣಕಗಳಲ್ಲಿರುತ್ತದೆ. ಸರ್ವರ್ ಅಳವಡಿಸಿದ ಮೇಲೆ ಬೇರೆ ಯಾವುದೇ ಗಣಕದ ಬ್ರೌಸರಿನಲ್ಲಿ ಸರ್ವರಿನ ವಿಳಾಸವನ್ನೂ 55414 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಅದರ ಆಡಳಿತ ಪುಟ ತೆರೆಯುತ್ತದೆ. ಮೊದಲ ಸಲ ಅದು ಯಾವ ಪಾಸ್‌ವರ್ಡನ್ನೂ ಕೇಳದೆ ತೆರೆದುಕೊಳ್ಳುತ್ತದೆ! ಆದಕಾರಣ ಮಾಡಬೇಕಾದ ಮೊದಲ ಕೆಲಸವೆಂದರೆ ಆಡಳಿತಗಾರನ ಹೆಸರು, ಪಾಸ್‌ವರ್ಡ್ ಸೃಷ್ಟಿಸುವುದು. ಎರಡನೆಯದು, ಪ್ರತಿಗಳು ಯಾವ ಡಿಸ್ಕಿನಲ್ಲಿ ಕೂರಬೇಕೆಂದು ತೋರಿಸುವುದು.

ವಿಂಡೋಸ್ ಗಣಕದಲ್ಲಿ ಕ್ಲೈಂಟನ್ನು ಹಾಕಿದೊಡನೆ ಗಡಿಯಾರದ ಪಕ್ಕದಲ್ಲಿ ಒಂದು ಪುಟ್ಟ ಚಿಹ್ನೆ ಬರುತ್ತದೆ; ಅದೇ ಜಾಲದಲ್ಲಿರುವ ಸರ್ವರ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ ದೋಷ ಬಹುಮಟ್ಟಿಗೆ ಫೈರ್‌ವಾಲಿನದು. ನಂತರ ಯಾವ ಫೋಲ್ಡರುಗಳು ಬೇಕೆಂದು ಗುರುತಿಸಬೇಕು. ಲೆಕ್ಕದ ತಂತ್ರಾಂಶದ ದತ್ತಾಂಶ ಎಲ್ಲಿದೆಯೆಂಬುದನ್ನು ಆ ತಂತ್ರಾಂಶದೊಳಗೇ ನೋಡಿ ಖಚಿತಪಡಿಸಿಕೊಳ್ಳಿ, ಊಹೆ ಬೇಡ. ಟ್ಯಾಲಿ ಬಳಸುವವರಿಗೆ ಪ್ರತಿ ಕಂಪನಿಯ ದತ್ತಾಂಶ ಸಂಖ್ಯೆಯೇ ಹೆಸರಾಗಿರುವ ಒಂದೊಂದು ಫೋಲ್ಡರಿನಲ್ಲಿ ಇರುವುದು ಗೊತ್ತೇ ಇದೆ. ತೆರೆದಿರುವ ಕಡತಗಳನ್ನು ಪ್ರತಿ ಮಾಡಲು ವಿಂಡೋಸಿನಲ್ಲಿ ‘ಶ್ಯಾಡೋ ಕಾಪಿ’ ಎಂಬ ವ್ಯವಸ್ಥೆಯಿದ್ದು, ಅರ್‌ಬ್ಯಾಕಪ್ ಅದನ್ನು ಬಳಸುತ್ತದೆ. ಹಾಗಿದ್ದರೂ ವೋಚರು ಬರೆಯುತ್ತಿರುವ ಅರ್ಧ ಗಳಿಗೆಯ ಪ್ರತಿಗಿಂತ, ಕಂಪನಿಯನ್ನು ಮುಚ್ಚಿದ ಮೇಲಿನ ಪ್ರತಿಯೇ ಹೆಚ್ಚು ನಂಬಿಕೆಗೆ ಅರ್ಹ. ಮ್ಯಾಕ್‌ನಲ್ಲಿ ಇನ್ನೊಂದು ತೊಡಕಿದೆ. 2018ರ ನಂತರದ ಮ್ಯಾಕ್ ವ್ಯವಸ್ಥೆಗಳಲ್ಲಿ ‘ಫುಲ್ ಡಿಸ್ಕ್ ಆಕ್ಸೆಸ್’ ಎಂಬ ಅನುಮತಿಯನ್ನು ಸೆಟ್ಟಿಂಗ್ಸಿನಲ್ಲಿ ಕೈಯಾರೆ ಕೊಡಬೇಕು. ಕೊಡದಿದ್ದರೆ ಕೆಲವು ಫೋಲ್ಡರುಗಳು ಪ್ರತಿಗೆ ಬರುವುದೇ ಇಲ್ಲ. ನಮ್ಮ ವಿನ್ಯಾಸಗಾರರ ಒಂದು ತಿಂಗಳ ಕೆಲಸ ಹಾಗೆಯೇ ಹೊರಗುಳಿದಿತ್ತು. ಅದೃಷ್ಟವಶಾತ್ ಅಷ್ಟರಲ್ಲಿ ಏನೂ ಆಗಲಿಲ್ಲ.

ಅರ್‌ಬ್ಯಾಕಪ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಗುಣವೆಂದರೆ, ಪ್ರತಿಯನ್ನು ಕ್ಲೈಂಟು ತಳ್ಳುವುದಿಲ್ಲ, ಸರ್ವರ್ ಸೆಳೆದುಕೊಳ್ಳುತ್ತದೆ. ಲೆಕ್ಕದ ಗಣಕಕ್ಕೆ ದುಷ್ಟ ತಂತ್ರಾಂಶ ಹೊಕ್ಕರೂ ಸರ್ವರಿನಲ್ಲಿರುವ ಹಳೆಯ ಪ್ರತಿಗಳನ್ನು ಮುಟ್ಟುವ ದಾರಿ ಅದಕ್ಕೆ ಸಿಗದು. ಬೀಗ ಬಿದ್ದ ಕಡತಗಳೂ ಮುಂದಿನ ಸರದಿಯಲ್ಲಿ ಪ್ರತಿಯಾಗಿ ಬರುತ್ತವೆ, ನಿಜ. ಆದರೆ ಅವುಗಳ ಹಿಂದಿನ ದಿನಗಳ ಆವೃತ್ತಿಗಳು ಹಾಗೆಯೇ ಇರುತ್ತವೆ. ಸರ್ವರಿನ ಬ್ಯಾಕಪ್ ಡಿಸ್ಕನ್ನು ‘ಎಲ್ಲರಿಗೂ ಅನುಕೂಲವಾಗಲಿ’ ಎಂದು ಜಾಲದಲ್ಲಿ ಹಂಚಿಟ್ಟರೆ ಮಾತ್ರ ಈ ರಕ್ಷಣೆಯೆಲ್ಲ ನೀರಿನಲ್ಲಿ ಹೋಮ.

ಸಮಯದ ಲೆಕ್ಕವನ್ನೂ ಹಾಕಿಕೊಳ್ಳಬೇಕು. ಹಳೆಯ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 10 ಮೆಗಾಬೈಟಿನಷ್ಟು ಹರಿಯುತ್ತದೆ. 200 ಗಿಗಾಬೈಟಿನ ಮೊದಲ ಪ್ರತಿಗೆ ಐದೂವರೆ ಗಂಟೆ ಬೇಕು. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಅನಂತರದ ಪ್ರತಿಗಳಲ್ಲಿ ಬದಲಾದದ್ದು ಮಾತ್ರ ಹೋಗುವುದರಿಂದ ನಿಮಿಷಗಳಲ್ಲಿ ಮುಗಿಯುತ್ತದೆ. ಪುಸ್ತಕಗಳಲ್ಲೆಲ್ಲ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ನಿಗದಿಪಡಿಸಿ ಎಂದಿರುತ್ತದೆ. ನಮ್ಮ ಘಟಕಗಳಲ್ಲಿ ಸಂಜೆ ಏಳಕ್ಕೆ ಮೇನ್ ಸ್ವಿಚ್ಚನ್ನೇ ಇಳಿಸಿ ಬೀಗ ಹಾಕುತ್ತಾರೆ. ಆದ್ದರಿಂದ ನಾವು ಮಧ್ಯಾಹ್ನದ ಊಟದ ಹೊತ್ತನ್ನು ಆರಿಸಿದ್ದೇವೆ. ಕಂಪನಿ ಮುಚ್ಚಿ ಊಟಕ್ಕೆ ಏಳುವುದು, ಗಣಕವನ್ನು ಆರಿಸದಿರುವುದು, ಇಷ್ಟೇ ನಿಯಮ.

ಹೊರಗೆ ಒಯ್ಯುವ ಪ್ರತಿ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ: ಇದು ಪೀಟರ್ ಕ್ರೋಘ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರ. ಬೆಂಕಿಯೋ ಕಳ್ಳತನವೋ ಆದಾಗ ಸರ್ವರೂ ಅದೇ ಕಟ್ಟಡದಲ್ಲಿರುವುದರಿಂದ ಮೂರನೆಯ ಪ್ರತಿ ಬೇರೆಡೆ ಇರಲೇಬೇಕು. ನಮ್ಮಲ್ಲಿ ಎರಡು ಹೊರ ಡಿಸ್ಕುಗಳಿವೆ. ಶನಿವಾರ ಒಂದನ್ನು ಸರ್ವರಿಗೆ ಚುಚ್ಚಿ ಪ್ರತಿ ತೆಗೆದು ಮನೆಗೆ ಒಯ್ಯುತ್ತೇನೆ, ಮುಂದಿನ ಶನಿವಾರ ಇನ್ನೊಂದನ್ನು. ಯಾವಾಗಲೂ ಒಂದಾದರೂ ಮನೆಯ ಬೀರುವಿನಲ್ಲಿರುತ್ತದೆ.

ಈ ಕೆಲಸಕ್ಕೆ ರೆಸ್ಟಿಕ್ ಸೊಗಸಾಗಿದೆ. ಅದು ಒಂದೇ ಒಂದು ಕಡತದ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ, ಒಂದರಲ್ಲಿ ತೆಗೆದ ಪ್ರತಿಯನ್ನು ಮತ್ತೊಂದರಲ್ಲಿ ತೆರೆಯಬಹುದು. ಗುಂಡಿಗಳಿರುವ ಕಿಟಕಿ ಅದರಲ್ಲಿಲ್ಲ, ಆಜ್ಞೆಗಳನ್ನು ಟೈಪು ಮಾಡಬೇಕು. ಆದರೆ ಮುಖ್ಯ ಆಜ್ಞೆಗಳು ಐದಾರೇ: ಭಂಡಾರವನ್ನು ತೆರೆಯುವುದು, ಪ್ರತಿ ತೆಗೆಯುವುದು, ಇರುವ ಪ್ರತಿಗಳನ್ನು ಪಟ್ಟಿ ಮಾಡುವುದು, ಮರಳಿ ಪಡೆಯುವುದು, ತಪಾಸಣೆ ಮಾಡುವುದು, ಹಳೆಯದನ್ನು ಕೈಬಿಡುವುದು. ಇವನ್ನು ಒಮ್ಮೆ ಒಂದು ಕಡತದಲ್ಲಿ ಬರೆದಿಟ್ಟರೆ ಆಮೇಲೆ ಎರಡು ಸಲ ಒತ್ತಿದರೆ ಸಾಕು. ಪ್ರತಿ ಪೂರ್ತಿಯಾಗಿ ಗೂಢಲಿಪಿಯಲ್ಲಿರುತ್ತದೆ. ಡಿಸ್ಕು ಬಸ್ಸಿನಲ್ಲಿ ಕಳೆದುಹೋದರೂ ನಮ್ಮ ಗಿರಾಕಿಗಳ ದರಪಟ್ಟಿ ಯಾರಿಗೂ ಸಿಗದು. ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು: ಪಾಸ್‌ವರ್ಡ್ ಮರೆತರೆ ನಮಗೂ ಸಿಗದು, ಬೇಡಿಕೊಂಡರೂ ತೆರೆದುಕೊಡುವವರು ಯಾರೂ ಇಲ್ಲ. ನಾನು ಅದನ್ನು ಕಾಗದದ ಮೇಲೆ ಬರೆದು ಲಕೋಟೆಯಲ್ಲಿ ಮುಚ್ಚಿ ಬ್ಯಾಂಕ್ ಲಾಕರಿನಲ್ಲಿಟ್ಟು, ಮನೆಯವರಿಗೂ ತಿಳಿಸಿದ್ದೇನೆ.

ಹಳೆಯದನ್ನು ಕೈಬಿಡುವ ನಿಯಮವನ್ನು ಬರೆಯುವಾಗ ಆತುರ ಬೇಡ. ದಿನದವು 14, ತಿಂಗಳಿನವು 12, ವರ್ಷದವು 8 ಉಳಿಯಲಿ ಎಂದು ನಾವು ಕೊಟ್ಟಿದ್ದೇವೆ. ವರ್ಷದ ಸಂಖ್ಯೆಯನ್ನು ಮೇಲೆ ಹೇಳಿದ ಕಾನೂನಿನ ಅವಧಿಗಿಂತ ಕಡಿಮೆ ಮಾಡಬಾರದು.

ಹೊರ ಡಿಸ್ಕಿನ ಫಾರ್ಮ್ಯಾಟ್ ಬಗ್ಗೆ ಒಂದು ಮಾತು. ಫ್ಯಾಟ್32ರಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಯುವುದಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಮೂರೂ ವ್ಯವಸ್ಥೆಗಳಿಗೆ ಸಮನಾಗಿ ಒಗ್ಗುವುದು ಎಕ್ಸ್‌ಫ್ಯಾಟ್. ಹೆಸರುಗಳಲ್ಲೂ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಷ್ಟೇ ಇರುವ ಎರಡು ಕಡತಗಳು ಲಿನಕ್ಸಿನಲ್ಲಿ ಅಕ್ಕಪಕ್ಕ ಇರಬಲ್ಲವು. ವಿಂಡೋಸಿಗೆ ಮರಳಿ ತಂದಾಗ ಅವೆರಡಕ್ಕೂ ಅಲ್ಲಿ ಒಂದೇ ಹೆಸರು.

ಯಂತ್ರಕ್ಕೆ ಅಂಟಿದ ಹಳೆಯ ಗಣಕ

ಬಾಶೆಟ್ಟಿಹಳ್ಳಿಯಿಂದ ಪಿಳ್ಳಗುಂಪೆಯವರೆಗೆ ಎಷ್ಟೋ ಶೆಡ್ಡುಗಳಲ್ಲಿ ಕಸೂತಿ ಯಂತ್ರಕ್ಕೋ ಸಿಎನ್‌ಸಿಗೋ ಜೋಡಿಸಿದ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಗಣಕಗಳು ಇನ್ನೂ ಉಸಿರಾಡುತ್ತಿವೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲಿನಲ್ಲಿ, 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೂ 2025ರ ಅಕ್ಟೋಬರಿನಲ್ಲಿ. ಬದಲಿಸೋಣವೆಂದರೆ ಯಂತ್ರದ ಚಾಲಕ ತಂತ್ರಾಂಶ ಹೊಸದರಲ್ಲಿ ಓಡದು, ಮಾರಿದವರು ಅಂಗಡಿ ಮುಚ್ಚಿ ವರ್ಷಗಳಾದವು. ಇಂಥ ಗಣಕವನ್ನು ಜಾಲಕ್ಕೆ ಸೇರಿಸಲೇಬಾರದು. ವಾನ್ನಾಕ್ರೈ ನುಗ್ಗಿದ ಹಳೆಯ ಕಡತ ಹಂಚಿಕೆಯ ಪದ್ಧತಿಯೊಂದೇ ಎಕ್ಸ್‌ಪಿಗೆ ಬರುವ ಭಾಷೆ.

ತೈವಾನಿನ ತಂತ್ರಜ್ಞರು ರೂಪಿಸಿದ ಕ್ಲೋನ್‌ಜಿಲ್ಲಾ ಇಲ್ಲಿ ಕೈಹಿಡಿಯುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಗಣಕವನ್ನು ಅದರಿಂದಲೇ ಚಾಲೂ ಮಾಡಿದರೆ, ಒಳಗಿನ ವ್ಯವಸ್ಥೆ ಯಾವುದೆಂದು ಚಿಂತಿಸದೆ ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆದುಕೊಡುತ್ತದೆ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಒಮ್ಮೆ ತೆಗೆದಿಡಬೇಕು. ಒಂದೇ ಎಚ್ಚರಿಕೆ: ಮೂಲ ಡಿಸ್ಕು ಯಾವುದು, ಗುರಿ ಡಿಸ್ಕು ಯಾವುದು ಎಂದು ಕೇಳುವಾಗ ಅದಲುಬದಲು ಮಾಡಿದರೆ ಖಾಲಿ ಡಿಸ್ಕಿನ ಪಡಿಯಚ್ಚು ಯಂತ್ರದ ಡಿಸ್ಕಿನ ಮೇಲೆ ಕೂರುತ್ತದೆ. ಡಿಸ್ಕುಗಳ ಅಳತೆಯನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಕೂರುವುದು ಕ್ಷೇಮ.

ಪ್ರತಿ ತೆಗೆಯಲಾಗದ ವಸ್ತುವೂ ಒಂದಿದೆ. ಡಿಜಿಟಲ್ ಸಹಿಯ ಟೋಕನ್ನಿನೊಳಗಿನ ರಹಸ್ಯ ಕೀಲಿ ಹೊರಗೆ ಬರುವುದಿಲ್ಲ. ಅದು ಕಳೆದರೆ ಹೊಸದನ್ನೇ ಪಡೆಯಬೇಕು.

ಮರಳಿ ಪಡೆದು ನೋಡುವುದು

ತಂತ್ರಾಂಶ ತಯಾರಕರ ನಡುವೆ ಹೆಸರಾದ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ದಣಿದ ತಂತ್ರಜ್ಞರೊಬ್ಬರು ತಪ್ಪು ಸರ್ವರಿನ ದತ್ತಾಂಶವನ್ನು ಅಳಿಸಿಬಿಟ್ಟರು. ಐದು ವಿಧದ ಬ್ಯಾಕಪ್ ವ್ಯವಸ್ಥೆಗಳಿದ್ದವು, ಯಾವುದೂ ನಂಬುವಂತಿರಲಿಲ್ಲ. ಒಂದಂತೂ ಬಹಳ ದಿನಗಳಿಂದ ವಿಫಲವಾಗುತ್ತಿದ್ದು, ಅದರ ಎಚ್ಚರಿಕೆಯ ಮಿಂಚಂಚೆ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಪ್ರತಿಯಿಂದ ಅವರು ಬದುಕಿಕೊಂಡರು. ತಂತ್ರಜ್ಞರ ಸೈನ್ಯವೇ ಇದ್ದವರ ಪಾಡು ಇದಾದರೆ, ಶಾರ್ಟ್‌ಕಟ್ಟನ್ನು ಜೋಪಾನ ಮಾಡಿದ ನಮ್ಮ ಹುಡುಗನದೇನು ತಪ್ಪು?

ಆದಕಾರಣ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತೇವೆ. ಒಂದು ಮಾರ್ಚ್ 31ರ ಲೆಕ್ಕ ಮುಗಿದ ವಾರ, ಇನ್ನೊಂದು ಆಯುಧಪೂಜೆಯ ಹಿಂದಿನ ದಿನ. ಅಂದು ಹೇಗಿದ್ದರೂ ಯಂತ್ರಗಳು ನಿಂತಿರುತ್ತವೆ, ತೊಳೆದು ಒರೆಸುವ ಕೆಲಸ ನಡೆಯುತ್ತಿರುತ್ತದೆ. ದತ್ತಾಂಶವೇ ಇಲ್ಲದ ಬೇರೊಂದು ಗಣಕಕ್ಕೆ ಮನೆಯ ಬೀರುವಿನಲ್ಲಿದ್ದ ಡಿಸ್ಕಿನಿಂದ ಲೆಕ್ಕವನ್ನು ಮರಳಿ ತಂದು, ತಂತ್ರಾಂಶದಲ್ಲಿ ತೆರೆದು, ಶಿಲ್ಕು ಪಟ್ಟಿಯ ಮೊತ್ತವನ್ನು ಆ ದಿನದ ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡುತ್ತೇವೆ. ಯಾದೃಚ್ಛಿಕವಾಗಿ ಹತ್ತು ಹೊಲಿಗೆ ಕಡತಗಳನ್ನು ಆರಿಸಿ ಒಂದನ್ನು ಯಂತ್ರದ ಮೇಲೆ ಓಡಿಸುತ್ತೇವೆ. ಎಷ್ಟು ಹೊತ್ತು ಹಿಡಿಯಿತೆಂದು ಗೋಡೆಯ ಮೇಲಿನ ಕಾಗದದಲ್ಲಿ ಬರೆಯುತ್ತೇವೆ. ಆ ಕಾಗದದಲ್ಲಿ ಇನ್ನೊಂದು ಸಾಲಿದೆ: ಈ ತಿಂಗಳು ಬ್ಯಾಕಪ್ಪಿಗೆ ಹೊಣೆ ಯಾರು ಎಂಬುದು. ಹೆಸರಿಲ್ಲದ ಕೆಲಸವನ್ನು ನಮ್ಮ ಘಟಕದಲ್ಲಿ ಯಾರೂ ಮಾಡಿದ್ದು ನಾನು ನೋಡಿಲ್ಲ.

ಕಳೆದ ಆಯುಧಪೂಜೆಯ ಪರೀಕ್ಷೆಯಲ್ಲಿ ಲೆಕ್ಕ ಮುಕ್ಕಾಲು ಗಂಟೆಯಲ್ಲಿ ಬಂತು, ಶಿಲ್ಕು ಪೈಸೆಗೆ ಪೈಸೆ ತಾಳೆಯಾಯಿತು. ಆದರೆ ಹಳೆಯ ಕನ್ನಡ ಪತ್ರಗಳನ್ನೂ ನೇಕಾರರೊಂದಿಗಿನ ಕರಾರುಗಳನ್ನೂ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವು ಯೂನಿಕೋಡ್ ಬರುವ ಮೊದಲಿನ ನುಡಿ ಫಾಂಟಿನಲ್ಲಿ ಬರೆದವು. ಹೊಸ ಗಣಕದಲ್ಲಿ ಆ ಫಾಂಟು ಇರಲಿಲ್ಲ, ನಮ್ಮ ಬ್ಯಾಕಪ್ಪಿನಲ್ಲಿಯೂ ಇರಲಿಲ್ಲ. ಈಗ ಫಾಂಟುಗಳನ್ನೂ, ಲೆಕ್ಕದ ತಂತ್ರಾಂಶದ ಅಳವಡಿಕೆ ಕಡತವನ್ನೂ, ಅದರ ಪರವಾನಗಿ ಸಂಖ್ಯೆ ಬರೆದ ಹಾಳೆಯನ್ನೂ ಪ್ರತಿಯ ಪಟ್ಟಿಗೆ ಸೇರಿಸಿದ್ದೇವೆ. ಕರಾರುಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸ ಅರ್ಧ ಆಗಿದೆ.